ಬ್ರಾಸ್‌ಟೌನಿನ ಆಲಿವ್ ಕ್ಯಾಂಪ್‌ಬೆಲ್

ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದ ಪಡುವಣ ತುದಿಯಲ್ಲಿ, ಜಾರ್ಜಿಯಾದ ಗಡಿಗೆ ಸಮೀಪವಾಗಿ, ಅಪಲಾಚಿಯನ್ ಬೆಟ್ಟಗಳ ನಡುವೆ ಬ್ರಾಸ್‌ಟೌನ್ ಎಂಬ ಸಣ್ಣ ಊರೊಂದಿದೆ. ಹಿತ್ತಾಳೆಯ ಊರು ಎಂಬ ಅರ್ಥದ ಈ ಹೆಸರು ತಪ್ಪು ತಿಳಿವಳಿಕೆಯ ಫಲ. ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ಭಾಷೆಯಲ್ಲಿ ಆ ಸ್ಥಳದ ಹೆಸರಿಗೆ ಹೊಸ ಹಸುರಿನ ಜಾಗ ಎಂಬಂಥ ಅರ್ಥವಿತ್ತು. ಹಿತ್ತಾಳೆಗೆ ಅವರಲ್ಲಿದ್ದ ಶಬ್ದ ಅದನ್ನೇ ಹೋಲುತ್ತಿದ್ದುದರಿಂದ, ಬಿಳಿಯರು ಒಂದನ್ನು ಇನ್ನೊಂದೆಂದು ತಿಳಿದು ಭಾಷಾಂತರಿಸಿಬಿಟ್ಟರು. 1838ರಲ್ಲಿ ಚೆರೋಕಿಗಳನ್ನು ಸೈನ್ಯದ ಬಲದಿಂದ ಆ ನಾಡಿನಿಂದ ಹೊರಡಿಸಿದ ಮೇಲೆ ತಿದ್ದುವವರೂ ಉಳಿಯಲಿಲ್ಲ. ಊರಿನ ಹೆಸರು ಪರರ ಬಾಯಲ್ಲಿ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಊರಿನಲ್ಲಿ 1925ರಲ್ಲಿ ಪ್ರಾರಂಭವಾದ ಒಂದು ಶಾಲೆಗೆ 2025ಕ್ಕೆ ನೂರು ವರ್ಷ ತುಂಬಿತು. ಅಲ್ಲಿ ಪರೀಕ್ಷೆಯಿಲ್ಲ, ಅಂಕಗಳಿಲ್ಲ, ಮೊದಲಿಗರು ಕಡೆಯವರೆಂಬ ಎಣಿಕೆಯಿಲ್ಲ. ಇಪ್ಪತ್ತರ ಹರೆಯದವರೂ ಎಪ್ಪತ್ತು ದಾಟಿದವರೂ ಒಂದೇ ಮೇಜಿನ ಸುತ್ತ ಕುಳಿತು ಬುಟ್ಟಿ ಹೆಣೆಯಲು ಕಲಿಯುತ್ತಾರೆ. ಕುಲುಮೆಯಲ್ಲಿ ಕಬ್ಬಿಣ ಬಡಿಯುತ್ತಾರೆ, ಮಗ್ಗದಲ್ಲಿ ನೇಯುತ್ತಾರೆ, ಹಿಡಿಸೂಡಿ ಕಟ್ಟುತ್ತಾರೆ, ಮರದಲ್ಲಿ ಪ್ರಾಣಿಗಳನ್ನು ಕೆತ್ತುತ್ತಾರೆ. ಕರಕೌಶಲಗಳ ಕಲಿಕೆಗೆ ಆ ದೇಶದಲ್ಲಿ ಬಹಳ ಹೆಸರಾದ ಶಾಲೆಯಿದು. ಆದರೆ ಇದನ್ನು ಸ್ಥಾಪಿಸಿದ ಆಲಿವ್ ಡೇಮ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ನೇಕಾರಳೂ ಆಗಿರಲಿಲ್ಲ, ಬಡಗಿಯ ಮಗಳೂ ಆಗಿರಲಿಲ್ಲ. ಆ ಬೆಟ್ಟದ ಸೀಮೆಯವರಂತೂ ಅಲ್ಲವೇ ಅಲ್ಲ. ಅವರು ಕಟ್ಟಬೇಕೆಂದಿದ್ದುದು ರೈತರ ಮಕ್ಕಳಿಗಾಗಿ ಒಂದು ಶಾಲೆಯನ್ನು. ಕೈಕಸಬು ಅಲ್ಲಿಗೆ ಬಂದು ಸೇರಿದ್ದೂ, ಕೊನೆಗೆ ಅದೇ ಉಳಿದುಕೊಂಡದ್ದೂ ಒಂದು ವಿಚಿತ್ರ ಕಥೆ.

ಆಲಿವ್ ಹುಟ್ಟಿದ್ದು 1882ರಲ್ಲಿ, ಬಾಸ್ಟನ್ ನಗರಕ್ಕೆ ಹತ್ತಿರದ ಮೆಡ್‌ಫರ್ಡ್‌ನಲ್ಲಿ. ತಂದೆ ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಸಸ್ಯಶಾಸ್ತ್ರದಲ್ಲಿ ಪರಿಶ್ರಮವುಳ್ಳವರು. ಟಫ್ಟ್ಸ್ ಕಾಲೇಜಿನಲ್ಲಿ ಓದಿ 1903ರಲ್ಲಿ ಪದವಿ ಪಡೆದ ಆಲಿವ್ ಕೆಲಕಾಲ ಅಧ್ಯಾಪಕಿಯಾಗಿದ್ದರು. 1906ರಲ್ಲಿ ಸ್ಕಾಟ್ಲೆಂಡಿಗೆ ಹೋಗುವ ಹಡಗಿನಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬವರ ಪರಿಚಯವಾಯಿತು. ಆತ ಧರ್ಮಶಾಸ್ತ್ರ ಓದಿದವರು, ದಕ್ಷಿಣದ ಬೆಟ್ಟಪ್ರದೇಶಗಳ ಶಾಲೆಗಳಲ್ಲಿ ಹಲವು ವರ್ಷ ದುಡಿದವರು, ಆಗ ಜಾರ್ಜಿಯಾದ ಒಂದು ಕಾಲೇಜಿನ ಅಧ್ಯಕ್ಷರು. ಮೊದಲ ಹೆಂಡತಿಯನ್ನು ಕಳೆದುಕೊಂಡು ದಣಿದಿದ್ದರು. ಆಲಿವ್‌ಗಿಂತ ಹದಿನೈದು ವರ್ಷ ದೊಡ್ಡವರು. ಮರುವರ್ಷವೇ ಮದುವೆ ನಡೆಯಿತು.

ಅಪಲಾಚಿಯನ್ ಬೆಟ್ಟಗಳ ಜನರ ಬಗ್ಗೆ ಆ ಕಾಲದ ಅಮೆರಿಕದ ಪತ್ರಿಕೆಗಳು ಬರೆಯುತ್ತಿದ್ದುದನ್ನು ಓದಿದರೆ ಈಗ ನಾಚಿಕೆಯೆನಿಸುತ್ತದೆ. ಕಳ್ಳಭಟ್ಟಿ ಇಳಿಸುವವರು, ಕುಲವೈರದಲ್ಲಿ ಬಂದೂಕು ಹಿಡಿದು ಓಡಾಡುವವರು, ನಾಗರಿಕತೆಯ ಗಾಳಿ ಸೋಕದವರು, ಇದಿಷ್ಟೇ ಚಿತ್ರ. ಅಂಥವರನ್ನು ಉದ್ಧರಿಸಲು ಚರ್ಚುಗಳೂ ದಾನಿಗಳೂ ನೂರಾರು ಶಾಲೆ ತೆರೆದಿದ್ದರು. ಯಾವ ಶಾಲೆ ಎಲ್ಲಿದೆ, ಅದರಿಂದ ಏನು ಪ್ರಯೋಜನವಾಗಿದೆ ಎಂಬ ಲೆಕ್ಕ ಯಾರಲ್ಲಿಯೂ ಇರಲಿಲ್ಲ. ನ್ಯೂಯಾರ್ಕಿನ ರಸೆಲ್ ಸೇಜ್ ಪ್ರತಿಷ್ಠಾನದ ಧನಸಹಾಯದಿಂದ ಈ ಸಮೀಕ್ಷೆಯನ್ನು ಜಾನ್ ಕ್ಯಾಂಪ್‌ಬೆಲ್ ವಹಿಸಿಕೊಂಡರು. 1908ರಲ್ಲಿ ಗಂಡಹೆಂಡಿರಿಬ್ಬರೂ ಕುದುರೆ ಬಂಡಿ ಹೂಡಿಕೊಂಡು ಹೊರಟರು. ರಸ್ತೆಯೆಂದರೆ ಎಷ್ಟೋ ಕಡೆ ತೊರೆಯ ಕಲ್ಲುಹಾಸೇ. ರಾತ್ರಿಯಾದಲ್ಲಿ ಯಾರದಾದರೂ ಮನೆಯಲ್ಲಿ ತಂಗಬೇಕು, ಅವರು ಕೊಟ್ಟದ್ದನ್ನು ಉಣ್ಣಬೇಕು. ಆಲಿವ್ ದಿನಚರಿ ಬರೆದಿಡುತ್ತ ಬಂದರು.

ಜಾನ್ ಶಾಲೆಗಳ ಲೆಕ್ಕ ಹಿಡಿಯುತ್ತಿದ್ದಾಗ ಹೆಂಡತಿಯ ಕಿವಿ ಬೇರೆಡೆಗೆ ತಿರುಗಿತ್ತು. ಕೆಂಟಕಿಯ ಹಿಂಡ್‌ಮನ್ ಎಂಬಲ್ಲಿನ ಶಾಲೆಯಲ್ಲಿ ಒಬ್ಬ ಹುಡುಗಿ ಹಾಡಿದ ಲಾವಣಿಯನ್ನು ಅವರು ಕೇಳಿದರು. ಹಾಡೇನೋ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಬಾರ್ಬರಾ ಆಲನ್. ಆದರೆ ಧಾಟಿ ತಾನು ಪುಸ್ತಕದಿಂದ ಕಲಿತದ್ದಕ್ಕಿಂತ ತೀರ ಭಿನ್ನವಾಗಿತ್ತು. ಸಮುದ್ರ ದಾಟಿ ಬಂದವರ ಮೊಮ್ಮಕ್ಕಳು ಮರಿಮಕ್ಕಳು ಬರೆಹದ ಸಹಾಯವಿಲ್ಲದೆ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಹಾಡು! ಅಂದಿನಿಂದ ಹೋದಲ್ಲೆಲ್ಲ ಹಾಡುಗಳನ್ನು ಬರೆದುಕೊಳ್ಳತೊಡಗಿದರು. 1915ರಲ್ಲಿ ಇಂಗ್ಲೆಂಡಿನ ಜಾನಪದ ಗೀತೆಗಳ ದೊಡ್ಡ ಸಂಗ್ರಾಹಕ ಸೆಸಿಲ್ ಶಾರ್ಪ್ ಅಮೆರಿಕಕ್ಕೆ ಬಂದಿದ್ದಾಗ ತಮ್ಮ ಸಂಗ್ರಹವನ್ನು ಅವರ ಮುಂದಿಟ್ಟರು. ಶಾರ್ಪ್ ಮರುವರ್ಷ ತಾವೇ ಬೆಟ್ಟ ಹತ್ತಿದರು. 1917ರಲ್ಲಿ ಇಬ್ಬರ ಹೆಸರಿನಲ್ಲಿಯೂ ಪ್ರಕಟವಾದ ಗ್ರಂಥದಲ್ಲಿ 122 ಹಾಡುಗಳೂ ಅವುಗಳ 323 ಧಾಟಿಗಳೂ ಇವೆ. ಆ ಕ್ಷೇತ್ರದಲ್ಲಿ ಇದು ಇಂದಿಗೂ ಆಧಾರಗ್ರಂಥ.

ಕೀರ್ತಿ ಬಂದ ಅದೇ ವರ್ಷಗಳಲ್ಲಿ ಮನೆ ಬರಿದಾಗುತ್ತಿತ್ತು. ದಂಪತಿಗಳಿಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಎಳವೆಯಲ್ಲಿಯೇ ತೀರಿಕೊಂಡರು. 1919ರ ಮೇ ತಿಂಗಳಲ್ಲಿ ಜಾನ್ ಕೂಡ ನಿಧನರಾದರು. ಆಗ ಆಲಿವ್‌ಗೆ ಮೂವತ್ತೇಳು ವರ್ಷ. ಹತ್ತು ವರ್ಷಗಳ ಸುತ್ತಾಟದ ಟಿಪ್ಪಣಿಗಳು ಪೆಟ್ಟಿಗೆಯಲ್ಲಿದ್ದವು, ಗಂಡ ಬರೆಯಬೇಕೆಂದಿದ್ದ ಪುಸ್ತಕ ಅರೆಬರೆಯಾಗಿತ್ತು. ಅವರು ಕುಳಿತು ಬರೆದು ಮುಗಿಸಿದರು. 1921ರಲ್ಲಿ ಹೊರಬಂದ ಆ ದೊಡ್ಡ ಗ್ರಂಥದ ಮೇಲೆ ಲೇಖಕರೆಂದು ಇದ್ದುದು ಜಾನ್ ಕ್ಯಾಂಪ್‌ಬೆಲ್‌ರ ಹೆಸರು ಮಾತ್ರ.

ಗಂಡನೊಡನೆ ಕೂಡಿ ಕಂಡ ಇನ್ನೊಂದು ಕನಸೂ ಬಾಕಿಯಿತ್ತು. ಡೆನ್ಮಾರ್ಕಿನ ಹಳ್ಳಿಗಳಲ್ಲಿ ಜನಪದ ಶಾಲೆಗಳು ಎಂಬ ಹೊಸ ಬಗೆಯ ವಿದ್ಯಾಸಂಸ್ಥೆಗಳಿವೆಯೆಂದು ಇಬ್ಬರೂ ಕೇಳಿದ್ದರು. 1914ರಲ್ಲಿ ಹೋಗಿ ನೋಡಿಬರಬೇಕೆಂದಿದ್ದಾಗ ಮಹಾಯುದ್ಧ ಸಿಡಿದು ಪ್ರವಾಸ ನಿಂತಿತು. ಆ ಪ್ರವಾಸಕ್ಕೆ ಆಲಿವ್ 1922ರಲ್ಲಿ ಹೊರಟರು. ಜೊತೆಗೆ ಕೆಂಟಕಿಯ ಬೆಟ್ಟದ ಶಾಲೆಯೊಂದರಲ್ಲಿದ್ದ ಮಾರ್ಗರೀಟ್ ಬಟ್ಲರ್ ಎಂಬ ತರುಣ ಅಧ್ಯಾಪಕಿ. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸುತ್ತಿದರು.

ಈ ಶಾಲೆಗಳ ವಿಷಯ ನಾಲ್ಕು ಮಾತು ಹೇಳಲೇಬೇಕು. ಇವುಗಳ ಮೂಲಪುರುಷ ಗ್ರುಂಡ್ವಿಗ್ ಎಂಬ ಪಾದ್ರಿ ಮತ್ತು ಕವಿ. ಲ್ಯಾಟಿನ್ ಗಿಳಿಪಾಠದ ಶಾಲೆಗಳು ಬದುಕಿನಿಂದ ದೂರವಾದವು, ರೈತನ ಮಗನಿಗೆ ಬೇಕಾದುದು ಅವನ ಸ್ವಂತ ಭಾಷೆಯಲ್ಲಿ ಅವನ ನಾಡಿನ ಕಥೆ ಹಾಡುಗಳ ಮೂಲಕ ತೆರೆಯುವ ವಿದ್ಯೆ ಎಂಬುದು ಆತನ ವಾದ. ಮೊದಲ ಶಾಲೆ 1844ರಲ್ಲಿ ತೆರೆದದ್ದು ರೋಡಿಂಗ್ ಎಂಬಲ್ಲಿ. ಅದು ಶ್ಲೆಸ್ವಿಗ್ ಪ್ರಾಂತದ ಊರು. ಡ್ಯಾನಿಷ್ ಮಾತಾಡುವವರ ಮೇಲೆ ಜರ್ಮನ್ ಭಾಷೆಯ ಒತ್ತಡ ಏರುತ್ತಿದ್ದ ಗಡಿಸೀಮೆ. 1864ರ ಯುದ್ಧದಲ್ಲಿ ಸೋತ ಡೆನ್ಮಾರ್ಕ್ ಆ ಪ್ರಾಂತವನ್ನೇ ಕಳೆದುಕೊಂಡಿತು. ಆಗ ಶಾಲೆಯವರು ಹೊಸ ಗಡಿಯ ಈಚೆಗೆ ಆಸ್ಕೋವ್ ಎಂಬಲ್ಲಿ ಪಾಠ ಮುಂದುವರಿಸಿದರು. ರೋಡಿಂಗ್ ಇರುವ ಉತ್ತರ ಭಾಗ ಜನಮತದ ಮೂಲಕ ಡೆನ್ಮಾರ್ಕಿಗೆ ಮರಳಿದ್ದು 1920ರಲ್ಲಿ, ಅಂದರೆ ಆಲಿವ್ ಅಲ್ಲಿಗೆ ಹೋಗುವುದಕ್ಕೆ ಎರಡು ವರ್ಷ ಮುಂಚೆ. ಗಡಿಯ ಗೆರೆ ಮನೆಯ ಮೇಲೆ ಹಾದುಹೋದರೆ ಶಾಲೆಯೆಂಬುದು ಏನಾಗುತ್ತದೆಂದು 1956ರ ಬಳಿಕದ ಕಾಸರಗೋಡಿನ ಕನ್ನಡಿಗನಿಗೆ ಗೊತ್ತಿದೆ. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯವರು ನಡೆಸಿದ ವಿದ್ಯಾಪೀಠಗಳಿಗೂ ಡೆನ್ಮಾರ್ಕಿನ ಈ ಶಾಲೆಗಳೇ ಮಾದರಿಯಾಗಿದ್ದವೆಂಬುದನ್ನು ಇಲ್ಲಿ ನೆನೆಯಬಹುದು.

ಆಲಿವ್ ನೋಡಿದ್ದು ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಹದಿನೆಂಟು ದಾಟಿದ ಹುಡುಗರು ಬಂದು ಶಾಲೆಯಲ್ಲೇ ಉಂಡು ಮಲಗಿ ಹಾಡಿ ಚರ್ಚಿಸಿ, ಮತ್ತೆ ತಮ್ಮ ಹೊಲಕ್ಕೇ ಹಿಂತಿರುಗುವುದನ್ನು. ಅವರನ್ನು ಹೆಚ್ಚು ಸೆಳೆದದ್ದು ಈ ಹಿಂತಿರುಗುವಿಕೆ. ಬೆಟ್ಟದ ಸೀಮೆಯಲ್ಲಿ ನಡೆಯುತ್ತಿದ್ದುದು ಇದಕ್ಕೆ ವಿರುದ್ಧವಾಗಿ. ಅಲ್ಲಿ ಬುದ್ಧಿವಂತನಾದ ಹುಡುಗ ಶಾಲೆ ಕಲಿತನೆಂದರೆ ಊರು ಬಿಟ್ಟನೆಂದೇ ಲೆಕ್ಕ. ಹಳ್ಳಿಯನ್ನು ಉದ್ಧರಿಸಲು ಬಂದ ಶಾಲೆಗಳೇ ಹಳ್ಳಿಯನ್ನು ಬರಿದು ಮಾಡುತ್ತಿದ್ದವು. ಡೆನ್ಮಾರ್ಕಿನ ರೈತರು ಈ ಶಾಲೆಗಳ ಬಲದಿಂದ ಹಾಲಿನ ಸಹಕಾರ ಸಂಘಗಳನ್ನು ಕಟ್ಟಿ ನೆಮ್ಮದಿಯಾಗಿದ್ದುದನ್ನೂ ಅವರು ಕಂಡರು. ತಾವು ಕಂಡುದನ್ನೆಲ್ಲ ಮುಂದೆ 1928ರಲ್ಲಿ ಡೆನ್ಮಾರ್ಕಿನ ಜನಪದ ಶಾಲೆಯ ಬಗೆಗಿನ ಪುಸ್ತಕವಾಗಿ ಪ್ರಕಟಿಸಿದರು.

ತಿರುಗಿ ಬಂದ ಮೇಲೆ ಶಾಲೆ ಎಲ್ಲಿ ಎಂಬ ಪ್ರಶ್ನೆ. ಹಣವಿದ್ದವರು ಜಾಗ ಕೊಂಡು ಕಟ್ಟಡವೆಬ್ಬಿಸಿ ಬನ್ನಿರೆಂದು ಕರೆಯುವುದು ಆ ಸೀಮೆಯ ರೂಢಿ. ಆಲಿವ್ ಅದಕ್ಕೆ ಒಪ್ಪಲಿಲ್ಲ. ಊರವರಿಗೆ ಬೇಕೆನಿಸದ ಶಾಲೆ ತಮಗೂ ಬೇಡವೆಂಬುದು ಅವರ ನಿಲುವು. ಹಲವು ಊರುಗಳನ್ನು ನೋಡುತ್ತ ಮಾರ್ಗರೀಟ್ ಬಟ್ಲರ್ ಒಮ್ಮೆ ಬ್ರಾಸ್‌ಟೌನಿಗೆ ಬಂದು, ಅಂಗಡಿಯ ಮಾಲಿಕ ಫ್ರೆಡ್ ಸ್ಕ್ರಾಗ್ಸ್ ಎಂಬವರೊಡನೆ ವಿಷಯ ಹೇಳಿ, ಕೆಲವು ವಾರ ಬಿಟ್ಟು ಬಂದು ಕೇಳುತ್ತೇನೆಂದು ಹೊರಟುಹೋದರು. ನಮ್ಮ ಹಳ್ಳಿಗಳಂತೆಯೇ ಅಲ್ಲಿಯೂ ಅಂಗಡಿಗೆ ತಲಪಿದ ಸುದ್ದಿ ಊರಿಗೆ ತಲಪಿದಂತೆಯೇ. ತಿರುಗಿ ಬಂದಾಗ ಚರ್ಚಿನಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಜನ ಕಾದು ಕುಳಿತಿದ್ದರು. ಒಬ್ಬರು ಮರ ಕೊಡುತ್ತೇನೆಂದರು, ಇನ್ನೊಬ್ಬರು ಇಷ್ಟು ದಿನದ ದುಡಿಮೆ ನನ್ನದೆಂದರು. ಸ್ಕ್ರಾಗ್ಸ್ ಮನೆತನದವರು ಭೂಮಿಯನ್ನೇ ದಾನವಿತ್ತರು. ಕೈಯಲ್ಲಿ ಕಾಸಿಲ್ಲದ ಊರು ತನ್ನಲ್ಲಿದ್ದುದನ್ನು ಕೊಟ್ಟಿತು. 1925ರಲ್ಲಿ ಶಾಲೆ ಪ್ರಾರಂಭವಾಯಿತು. ಅದಕ್ಕಿಟ್ಟ ಹೆಸರು ಜಾನ್ ಸಿ. ಕ್ಯಾಂಪ್‌ಬೆಲ್ ಜನಪದ ಶಾಲೆ.

ಮೊದಲ ವರ್ಷಗಳಲ್ಲಿ ಅದೊಂದು ತೋಟವೂ ಹೌದು, ಶಾಲೆಯೂ ಹೌದು. ಹಸು, ಕೋಳಿ, ಬೆಳೆಗಳ ಹೊಸ ಕ್ರಮಗಳನ್ನು ಮಾಡಿ ತೋರಿಸುವುದು ಮುಖ್ಯ ಕೆಲಸ. ಬೆಣ್ಣೆ ಮಾರುವ ಸಹಕಾರ ಸಂಸ್ಥೆ ಹುಟ್ಟಿತು, ಉಳಿತಾಯ ಮತ್ತು ಸಾಲದ ಸಂಘ ಹುಟ್ಟಿತು. ಡೆನ್ಮಾರ್ಕಿನಿಂದ ಗೇಯಾರ್ಗ್ ಬಿಡ್‌ಸ್ಟ್ರುಪ್ ಎಂಬ ಯುವಕ ವ್ಯಾಯಾಮ ಶಿಕ್ಷಕನಾಗಿ ಬಂದು ತೋಟವನ್ನೂ ನೋಡಿಕೊಂಡ. ಮುಂದೆ ಮಾರ್ಗರೀಟ್ ಬಟ್ಲರ್‌ರನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದ. ಬೆಲ್ಜಿಯಂ ದೇಶದ ಲಿಯಾನ್ ಡೆಶಾಂಪ್ಸ್ ಎಂಬವರು ಕಟ್ಟಡಗಳ ನಕ್ಷೆ ಹಾಕಿದರು. ಚಳಿಗಾಲದ ತರಗತಿಯಲ್ಲಿ ಇತಿಹಾಸ, ಭೂಗೋಳ, ಹಾಡು, ಕುಣಿತ, ಮರಗೆಲಸ. ವಿದ್ಯಾರ್ಥಿಗಳ ಸಂಖ್ಯೆ ಮಾತ್ರ ಎಂದಿಗೂ ದೊಡ್ಡದಾಗಲಿಲ್ಲ. ಸರ್ಟಿಫಿಕೇಟು ಸಿಗದ ಶಾಲೆಗೆ ಮಗನನ್ನು ಕಳುಹಿಸಲು ತಂದೆತಾಯಿಗಳು ಹಿಂದೆಮುಂದೆ ನೋಡುವುದು ಲೋಕದಲ್ಲಿ ಎಲ್ಲೆಡೆಯೂ ಒಂದೇ.

ಇನ್ನು ಕೈಕಸಬಿನ ಮಾತಿಗೆ ಬರೋಣ. ಡೆನ್ಮಾರ್ಕಿನ ಜನಪದ ಶಾಲೆಗಳ ಜೀವಾಳ ಮಾತು ಮತ್ತು ಹಾಡು. ಕರಕೌಶಲಕ್ಕೆ ಅಲ್ಲಿ ಅಷ್ಟು ಪ್ರಾಧಾನ್ಯವಿರಲಿಲ್ಲ. ಅಪಲಾಚಿಯನ್ ಸೀಮೆಯಲ್ಲಿ ಕಸಬನ್ನು ಕೈಹಿಡಿದೆತ್ತುವ ಯತ್ನ ಆಲಿವ್‌ರಿಗಿಂತ ಮುಂಚೆಯೇ ನಡೆದಿತ್ತು. ಫ್ರಾನ್ಸಿಸ್ ಗುಡ್ರಿಚ್ ಎಂಬ ಮಹಿಳೆ 1890ರ ದಶಕದಲ್ಲಿಯೇ ಹಳೆಯ ನೇಯ್ಗೆಯ ಹೊದಿಕೆಯೊಂದನ್ನು ಉಡುಗೊರೆಯಾಗಿ ಪಡೆದು, ಅದರ ಚೆಲುವಿಗೆ ಬೆರಗಾಗಿ, ಮೂಲೆ ಸೇರಿದ್ದ ಮಗ್ಗಗಳನ್ನು ಮತ್ತೆ ಅಂಗಳಕ್ಕೆ ತರಿಸಿದ್ದರು. ಬ್ರಾಸ್‌ಟೌನಿನಲ್ಲಿ ಇದಕ್ಕೆ ನಿಮಿತ್ತವಾದದ್ದು ಒಂದು ಬೆಂಚು.

ಸ್ಕ್ರಾಗ್ಸ್‌ರ ಅಂಗಡಿಯೆದುರು ಗಂಡಸರು ಹೊತ್ತು ಕಳೆಯುತ್ತಿದ್ದ ಬೆಂಚು ಅದು. ಮಾತಿನ ಭರದಲ್ಲಿ ಪ್ರತಿಯೊಬ್ಬರ ಜೇಬಿನ ಚೂರಿಯೂ ಹೊರಬರುವುದು, ಕೈಗೆ ಸಿಕ್ಕ ಕಡ್ಡಿಯನ್ನು ಸುಮ್ಮನೆ ಕೆತ್ತಿ ಚೂರು ಮಾಡುವುದು. ಕಡ್ಡಿ ಸಿಗದಿದ್ದರೆ ಬೆಂಚನ್ನೇ ಕೆತ್ತುವುದು. ಹೀಗೆ ಕೆತ್ತಿಸಿಕೊಂಡು ಬೆಂಚಿನ ಅಂಚೆಲ್ಲ ಸವೆದುಹೋಗಿತ್ತು. ಬೇರೆ ಯಾರಾದರೂ ನೋಡಿದ್ದರೆ ಸೋಮಾರಿಗಳೆಂದು ಮುಖ ತಿರುಗಿಸಿಕೊಳ್ಳುತ್ತಿದ್ದರೇನೋ. ಆಲಿವ್‌ರ ಕಣ್ಣಿಗೆ ಬಿದ್ದುದು ಆ ಕೈಗಳು ಚೂರಿ ಹಿಡಿದ ರೀತಿ. ಈ ಕೆತ್ತನೆಯನ್ನೇ ಒಂದು ಆಕೃತಿಗೆ ತಿರುಗಿಸಬಾರದೇಕೆ ಎಂದು ಅವರಿಗೆ ತೋರಿತು.

ಕೆತ್ತಬೇಕಾದುದೇನೆಂದು ಹೊರಗಿನಿಂದ ಮಾದರಿ ತರುವ ಅಗತ್ಯವಿರಲಿಲ್ಲ. ಹೇಸರಗತ್ತೆ ಹೇಗೆ ಮೊಂಡು ಹಿಡಿದು ನಿಲ್ಲುತ್ತದೆ, ಬಾತು ಕತ್ತನ್ನು ಹೇಗೆ ಚಾಚುತ್ತದೆ, ಹಂದಿ ಹೇಗೆ ಮಲಗುತ್ತದೆ ಎಂಬುದನ್ನು ಆ ರೈತರು ದಿನವೂ ನೋಡುತ್ತಿದ್ದರು. ಬಾಸ್‌ವುಡ್ ಎಂಬ ಮೆದು ಮರ, ಹಾಲಿನ ಬಣ್ಣದ ಹಾಲಿ ಮರ, ಕಡುಕಂದಿನ ವಾಲ್‌ನಟ್ ಎಲ್ಲ ಅವರವರ ಕಾಡಿನಲ್ಲಿಯೇ ಇದ್ದವು. ಶಾಲೆಯಲ್ಲಿ ಗರಗಸದಿಂದ ಆಕೃತಿಯ ಸ್ಥೂಲರೂಪಕ್ಕೆ ಕೊಯ್ದುಕೊಟ್ಟ ತುಂಡುಗಳನ್ನು ಮನೆಗೊಯ್ದು, ದಿನದ ಕೆಲಸ ಮುಗಿದ ಮೇಲೆ ಬೆಂಕಿಯ ಬದಿಯಲ್ಲೋ ಜಗಲಿಯಲ್ಲೋ ಕುಳಿತು ಕೆತ್ತುವುದು. ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ ತಂದೊಪ್ಪಿಸುವುದು, ದುಡ್ಡು ಎಣಿಸಿಕೊಂಡು ಹೊಸ ತುಂಡು ಒಯ್ಯುವುದು. ಗಂಡಸರಷ್ಟೇ ಅಲ್ಲದೆ ಹೆಂಗಸರೂ ಇದಕ್ಕೆ ಕೈಹಾಕಿದರು. 1935ರಲ್ಲಿ ಮರ್ರೇ ಮಾರ್ಟಿನ್ ಎಂಬ ಮಹಿಳೆ ಕೆತ್ತನೆಯ ಶಿಕ್ಷಕಿಯಾಗಿ ಬಂದ ಮೇಲೆ ಕೆಲಸಕ್ಕೆ ಖಚಿತತೆ ಬಂತು. ಸರಿಯಾಗದ ತುಂಡನ್ನು ಆಕೆ ಮುಲಾಜಿಲ್ಲದೆ ಹಿಂದಕ್ಕೆ ಕೊಡುತ್ತಿದ್ದರು. ಬ್ರಾಸ್‌ಟೌನ್ ಕೆತ್ತನೆಗಾರರು ಎಂಬ ಹೆಸರು ದೇಶದಲ್ಲೆಲ್ಲ ಹಬ್ಬಿತು.

ಆ ದಶಕದ ಆರ್ಥಿಕ ಮುಗ್ಗಟ್ಟನ್ನು ನೆನೆದರೆ ಈ ಪುಟ್ಟ ಹಂದಿ ಬಾತುಗಳ ಬೆಲೆ ತಿಳಿದೀತು. ಬೆಳೆಗೆ ಕ್ರಯವಿಲ್ಲ, ಕೂಲಿಯಿಲ್ಲ. ಕೈಗೆ ನಗದು ಸಿಗುವ ದಾರಿಯೇ ಇಲ್ಲದ ಮನೆಗಳಿಗೆ ಸಂಜೆಯ ಕೆತ್ತನೆಯಿಂದ ಬಂದ ಹಣದಲ್ಲಿ ತೆರಿಗೆ ಕಟ್ಟುವುದು, ಸಾಲದ ಕಂತು ತೀರಿಸುವುದು ಸಾಧ್ಯವಾಯಿತು. ನಮ್ಮಲ್ಲಿ ಅಡಿಕೆ ಹಾಳೆಯಿಂದ ಮುಟ್ಟಾಳೆ ಮಾಡುವವರನ್ನು ಯಾರೂ ಕಲಾವಿದರೆಂದು ಕರೆದದ್ದಿಲ್ಲ, ಅವರೂ ಹಾಗೆಂದುಕೊಂಡದ್ದಿಲ್ಲ. ಆ ಬೆಂಚಿನ ಮೇಲಿದ್ದವರ ಸ್ಥಿತಿಯೂ ಹೀಗೆಯೇ ಇತ್ತು.

ಒಂದೊಂದು ಊರಿನ ಕಸಬುದಾರರು ಒಬ್ಬೊಬ್ಬರಾಗಿ ಪೇಟೆಯ ವ್ಯಾಪಾರಿಯೆದುರು ನಿಂತರೆ ಕ್ರಯ ಸಿಗದೆಂದು ಅರಿತ ಕೆಲವರು 1928ರ ಕೊನೆಗೆ ಪೆನ್‌ಲೆಂಡ್ ಎಂಬಲ್ಲಿ ಸಭೆ ಸೇರಿದರು. ಅವರಲ್ಲಿ ಆಲಿವ್ ಪ್ರಮುಖರು. ಅದರಿಂದ 1930ರಲ್ಲಿ ಬೆಟ್ಟಪ್ರದೇಶದ ಕರಕುಶಲಿಗರ ಸಂಘ ರೂಪುಗೊಂಡಿತು. ಗುಡ್ರಿಚ್ ತಮ್ಮ ಅಂಗಡಿಯನ್ನೇ ಸಂಘಕ್ಕೆ ಒಪ್ಪಿಸಿದರು. ಆ ಸಂಘ ಈಗಲೂ ಇದೆ.

ಆಲಿವ್ ಮಾಡಿದ್ದೆಲ್ಲ ಸರಿಯೆಂದು ಹೇಳಲಾಗದು. 1980ರ ದಶಕದಿಂದೀಚೆಗೆ ಅಮೆರಿಕದ ವಿದ್ವಾಂಸರು ಕೆಲವು ಕಟು ಪ್ರಶ್ನೆಗಳನ್ನು ಕೇಳಿದ್ದಾರೆ. ಬೆಟ್ಟದ ಜನರ ಪರಂಪರೆ ಯಾವುದು, ಯಾವುದು ಅಲ್ಲವೆಂದು ತೀರ್ಮಾನಿಸಿದವರು ಉತ್ತರದಿಂದ ಬಂದ ಓದಿದ ಹೆಂಗಸರಲ್ಲವೇ? ಹಳೆಯ ಲಾವಣಿ ಬೇಕಾಯಿತು, ಅದೇ ಜನ ಕಲ್ಲಿದ್ದಲ ಗಣಿಯ ಬಗ್ಗೆ ಕಟ್ಟಿದ ಹಾಡು ಏಕೆ ಬೇಡವಾಯಿತು? ಬ್ರಾಸ್‌ಟೌನಿನ ಮಕ್ಕಳಿಗೆ ಡೆನ್ಮಾರ್ಕಿನ ಕುಣಿತ ಕಲಿಸಿದ್ದು ಯಾವ ನ್ಯಾಯ? ಕೆತ್ತನೆಯೂ ಪರಂಪರಾಗತ ಕಲೆಯಲ್ಲ, ಶಾಲೆಯವರು ತಿದ್ದಿ ರೂಪಿಸಿದ ಹೊಸ ವಸ್ತು ಎಂಬುದೂ ಒಂದು ಆಕ್ಷೇಪ. ಈ ಆಕ್ಷೇಪಗಳಲ್ಲಿ ಹುರುಳಿದೆ. ಡ್ಯಾನಿಷ್ ಕುಣಿತದ ಮಾತಿಗಂತೂ ಉತ್ತರವಿಲ್ಲ. ಆದರೆ ಕೆತ್ತನೆಯ ವಿಷಯದಲ್ಲಿ ಟೀಕೆ ತುಸು ಅತಿಯಾಯಿತೆಂದು ನನಗೆ ತೋರುತ್ತದೆ. ಚೂರಿ ಅವರದು, ಮರ ಅವರದು, ಹೇಸರಗತ್ತೆಯ ಮೊಂಡುತನ ಕಂಡವರೂ ಅವರೇ. ಕಸಬಿಗೆ ನೂರು ವರ್ಷದ ವಂಶಾವಳಿಯಿದ್ದರೆ ಮಾತ್ರ ಅದು ನಿಜವಾದದ್ದು ಎನ್ನುವುದು ವಸ್ತುಸಂಗ್ರಹಾಲಯದವರ ಮಾತಾಯಿತು. ಸಾಲದ ಕಂತು ಕಟ್ಟಬೇಕಾದವನ ಮಾತಲ್ಲ.

ಅವರ ಮೂಲ ಆಸೆ ಕೈಗೂಡಲಿಲ್ಲವೆಂಬುದೇ ಹೆಚ್ಚು ದುಃಖದ ಸಂಗತಿ. ಹಾಡುತ್ತ ಉಳುವ, ಓದು ಬಲ್ಲ, ಸ್ವಂತ ಊರಿನಲ್ಲಿಯೇ ಮಾನದಿಂದ ಬಾಳುವ ರೈತ ತರುಣರ ಒಂದು ಪೀಳಿಗೆಯನ್ನು ಅವರು ಬಯಸಿದ್ದರು. ಬಂದ ಕೆಲವರಲ್ಲಿ ನೆಲೆನಿಂತವರೂ ಇದ್ದರು. ಆದರೆ ರಸ್ತೆಗಳು ಬಂದವು, ನಗರದ ಗಿರಣಿಗಳು ಕರೆದವು, ಎರಡನೆಯ ಮಹಾಯುದ್ಧ ಬಂತು, ಹುಡುಗರು ಹೋದರು. ಸಣ್ಣ ಹಿಡುವಳಿಯಲ್ಲಿ ಹೊಟ್ಟೆ ತುಂಬದಿದ್ದಾಗ ಯಾವ ಹಾಡೂ ಯಾವ ಶಾಲೆಯೂ ಅವರನ್ನು ಕಟ್ಟಿಹಾಕಲು ಆಗಲಿಲ್ಲ. ಮುಂಬಯಿಗೂ ಕೊಲ್ಲಿ ದೇಶಗಳಿಗೂ ಮಕ್ಕಳನ್ನು ಕಳುಹಿಸಿ ಕಾಗದಕ್ಕೆ ಕಾದ ಮನೆಗಳು ನಮ್ಮಲ್ಲಿಯೂ ಎಷ್ಟಿಲ್ಲ?

1946ರಲ್ಲಿ ಆಲಿವ್ ಶಾಲೆಯ ಹೊಣೆಯಿಂದ ನಿವೃತ್ತರಾದರು. ಆಗ ಅವರಿಗೆ ಅರುವತ್ತನಾಲ್ಕು. 1954ರಲ್ಲಿ ತೀರಿಕೊಂಡರು.

ಅನಂತರ ಶಾಲೆಯ ಸ್ವರೂಪ ಬದಲಾಯಿತು. ಊರಿನ ರೈತ ತರುಣರಿಗಾಗಿದ್ದ ಚಳಿಗಾಲದ ತರಗತಿ ಹೋಗಿ, ಹೊರಗಿನಿಂದ ಬರುವ ವಯಸ್ಕರಿಗೆ ಒಂದು ವಾರ, ಒಂದು ವಾರಾಂತ್ಯದ ತರಗತಿಗಳು ಬಂದವು. ಈಗ ವರ್ಷಕ್ಕೆ ನೂರಾರು ತರಗತಿಗಳು ನಡೆಯುತ್ತವೆ. ಬರುವವರಲ್ಲಿ ಹೆಚ್ಚಿನವರು ಪೇಟೆಯವರು. ಉದ್ಯೋಗದಿಂದ ನಿವೃತ್ತರಾದವರು, ರಜೆ ಹಾಕಿ ಬಂದವರು. ಹಳ್ಳಿಯವರನ್ನು ಹಳ್ಳಿಯಲ್ಲಿ ನಿಲ್ಲಿಸಲು ಕಟ್ಟಿದ ಶಾಲೆಗೆ ಪೇಟೆಯವರು ಹಣ ತೆತ್ತು ಬಂದು ಬುಟ್ಟಿ ಹೆಣೆಯುವುದನ್ನು ಕಲಿಯುತ್ತಾರೆ. ಕಲಿಸುವ ಕ್ರಮ ಮಾತ್ರ ಹಳೆಯದೇ. ಬೆಳಗ್ಗೆ ಎದ್ದು ಒಟ್ಟಿಗೆ ಹಾಡುವುದು, ಒಟ್ಟಿಗೆ ಉಣ್ಣುವುದು, ಬಲ್ಲವರ ಪಕ್ಕದಲ್ಲಿ ಕುಳಿತು ಕೈ ನೋಡಿ ಕೈಯಿಂದ ಕಲಿಯುವುದು. ಊರ ಕೆತ್ತನೆಗಾರರ ಮನೆತನಗಳಲ್ಲಿ ಕೆಲವು ತಲೆಮಾರುಗಳವರೆಗೆ ಚೂರಿ ಕೈಬದಲಾಗುತ್ತ ಬಂದಿದೆ. ಶಾಲೆಯ ಅಂಗಡಿಯಲ್ಲಿ ಅವರ ಹಂದಿ ಬಾತುಗಳು ಈಗಲೂ ಮಾರಾಟಕ್ಕಿವೆ.

ಶಾಲೆಯ ಹೆಸರು ಇಂದಿಗೂ ಜಾನ್ ಸಿ. ಕ್ಯಾಂಪ್‌ಬೆಲ್‌ರದೇ. ಅದು ತೆರೆಯುವುದಕ್ಕೆ ಆರು ವರ್ಷ ಮುಂಚೆಯೇ ತೀರಿಕೊಂಡಿದ್ದ ಅವರು ಆ ಶಾಲೆಯನ್ನು ಕಾಣಲೇ ಇಲ್ಲ. ಇಪ್ಪತ್ತೊಂದು ವರ್ಷ ಅದನ್ನು ನಡೆಸಿದ ಹೆಂಡತಿಯ ಹೆಸರು, ಗಂಡನ ಪುಸ್ತಕದ ಮೇಲೆ ಹೇಗೋ ಹಾಗೆಯೇ, ಆ ಬೋರ್ಡಿನ ಮೇಲೆಯೂ ಇಲ್ಲ.